ಈ ಕಡೆ ಬಂದು ಫೋನ್ ಮಾಡಿ

ನನಗೆ ನಿಯಮಗಳೆಂದರೆ ಭಯ. ಅದನ್ನು ಬಹಳ ಕಾಲ ಭಕ್ತಿ ಎಂದೇ ತಿಳಿದುಕೊಂಡಿದ್ದೆ. ಐವತ್ತು ದಾಟಿದ ಮೇಲೆ ಬರೀ ಭಯವೆಂದು ಒಪ್ಪಿಕೊಳ್ಳುತ್ತಿದ್ದೇನೆ. ಮಾನ್ವಿಯ ನಮ್ಮ ಮನೆಯಲ್ಲಿ ಸೋದರತ್ತೆ ಮಡಿಯುಟ್ಟು ಅಡುಗೆಗೆ ನಿಂತರೆ ಒಂದು ಲೋಟ ನೀರಿಗೂ ನಾವು ಹೊಸ್ತಿಲ ಹೊರಗೆ ನಿಂತು ಅರ್ಜಿ ಹಾಕಬೇಕಿತ್ತು. ಶಾಲಾ ಮಾಸ್ತರರಾಗಿದ್ದ ಅಪ್ಪನಂತೂ ರೈಲು ಎಷ್ಟು ಹೊತ್ತಿಗೆ ಎಂದು ಕೇಳುವುದಕ್ಕೂ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡೇ ರಾಯಚೂರು ಸ್ಟೇಷನ್ನಿನ ಒಳಗೆ ಹೋಗುತ್ತಿದ್ದರು. ಇಂಥವರ ಮಗಳು ಡಾಕ್ಟರಾದರೆ ರೋಗಕ್ಕಿಂತ ಮೊದಲು ಕಾಯಿದೆ ನೆನಪಾಗುವುದು ಸಹಜ. ಸಹಜ ಎನ್ನುತ್ತಿದ್ದೇನೆ, ಸರಿ ಎನ್ನುತ್ತಿಲ್ಲ.

ರಾಯಚೂರಿನಲ್ಲಿ ನನ್ನದೊಂದು ಸಣ್ಣ ದವಾಖಾನೆ ಇದೆ. ಊಟವಾದ ಮೇಲೆ ಎರಡು ಗಂಟೆ ಹೊತ್ತು, ಬಸ್ಸು ಹತ್ತಿ ಬರಲಾಗದ ಹಳೆಯ ರೋಗಿಗಳನ್ನು ಫೋನಿನಲ್ಲೇ ನೋಡುತ್ತೇನೆ. ನೋಡುತ್ತೇನೆ ಎನ್ನುವುದು ಸ್ವಲ್ಪ ದೊಡ್ಡ ಮಾತು. ಗಂಟಲು ತೋರಿಸಿ ಎಂದರೆ ಹೆಚ್ಚಿನವರು ತಲೆಯ ಮೇಲಿನ ಮಾಳಿಗೆ ತೋರಿಸುತ್ತಾರೆ. ಸಿರವಾರದ ಒಬ್ಬ ಹಿರಿಯರ ಮೊಣಕಾಲು ನೋವಿಗೆ ಮೂರು ತಿಂಗಳು ಔಷಧ ಕೊಟ್ಟಿದ್ದೇನೆ. ಅಷ್ಟು ದಿನವೂ ನಾನು ನೋಡಿದ್ದು ಅವರ ಎಡಗಿವಿಯನ್ನು. ಫೋನೆಂದರೆ ಕಿವಿಗೆ ಹಚ್ಚುವ ವಸ್ತು ಎಂಬ ನಂಬಿಕೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಹನುಮಪ್ಪ ಮತ್ತು ಅವನ ಹೆಂಡತಿ ಬಸಮ್ಮ ದೇವದುರ್ಗ ತಾಲೂಕಿನವರು, ಕುರಿ ಕಾಯುವ ಮನೆತನ. ಬಸಮ್ಮನಿಗೆ ಸಕ್ಕರೆ ಕಾಯಿಲೆ, ಆರು ವರ್ಷದಿಂದ ನನ್ನ ರೋಗಿ. ಭತ್ತದ ಕಟಾವು ಮುಗಿದ ಮೇಲೆ ಇಬ್ಬರೂ ಹಿಂಡಿನ ಹಿಂದೆ ಊರೂರು ತಿರುಗುತ್ತಾರೆ. ಹೋದ ವರ್ಷ ಹೀಗೆ ಹೋದಾಗ ಒಂದು ಮಧ್ಯಾಹ್ನ ಹನುಮಪ್ಪನ ಫೋನು ಬಂತು.

"ಯವ್ವಾ, ಬಸಮ್ಮನ ಕಾಲಿಗಿ ಮುಳ್ಳು ಚುಚ್ಚೇದ್ರಿ. ಬಾತದ. ಏನರ ಗುಳಗಿ ಹೇಳ್ರಿ."

ಫೋನಿನಲ್ಲಿ ನೋಡುವಾಗ ರೋಗಿ ಎಲ್ಲಿದ್ದಾರೆಂದು ಕೇಳಿಕೊಳ್ಳಬೇಕು. ಕೇಳಿದೆ.

"ಹೊಳಿ ಆಚಿಗಿ ಅದೀವ್ರಿ. ತೆಲಂಗಾಣದ ಹೊಲದಾಗ ಕುರಿ ನಿಲ್ಲಿಸೇವಿ."

ತೆಲಂಗಾಣ ಎಂದ ಕೂಡಲೇ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಅದಕ್ಕೆ ಕಾರಣ ಒಂದು ಮದುವೆ. ಈ ಫೋನು ಬರುವ ಹಿಂದಿನ ವಾರ ಮಾನ್ವಿಯಲ್ಲಿ, ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ, ಪರದೇಶದಲ್ಲಿ ಡಾಕ್ಟರಾಗಿರುವ ನಮ್ಮ ಬಳಗದ ಹೆಣ್ಣುಮಗಳೊಬ್ಬಳು ಹೇಳಿದ್ದಳು: ಅವರಲ್ಲಿ ರೋಗಿ ಯಾವ ರಾಜ್ಯದಲ್ಲಿ ಕೂತು ಮಾತಾಡುತ್ತಾನೋ ಆ ರಾಜ್ಯದ ಲೈಸೆನ್ಸು ಡಾಕ್ಟರ ಕೈಯಲ್ಲಿರಬೇಕು. ಅದು ಅವರ ದೇಶದ ಮಾತು. ನಾನು ಅದನ್ನು ಹೋಳಿಗೆ ತುಪ್ಪದ ಜೊತೆ ನುಂಗಿ ನಮ್ಮ ದೇಶಕ್ಕೂ ಜಾರಿ ಮಾಡಿಬಿಟ್ಟಿದ್ದೆ.

"ಹನುಮಪ್ಪ, ನನ್ನ ಲೈಸೆನ್ಸು ಕರ್ನಾಟಕದ್ದು. ನೀವು ಅಲ್ಲಿದ್ರ ನಾ ಔಷಧ ಹೇಳೂ ಹಂಗಿಲ್ಲ. ಈ ಕಡಿ ಬಂದು ಫೋನ್ ಮಾಡ್ರಿ," ಎಂದೆ.

"ಎಲ್ಲಿದ್ರೂ ಕಾಲು ಅದೇ ಅಲ್ರೀ ಯವ್ವಾ?"

"ರೂಲ್ಸ್ ಹಂಗ ಅದ," ಎಂದೆ. ಕಾಲನ್ನು ನಾನು ನೋಡಿರಲೇ ಇಲ್ಲ. ತೋರಿಸು ಎಂದೂ ಹೇಳಲಿಲ್ಲ. ಮುಂದಿನ ರೋಗಿಯ ಜೊತೆ ಮಾತಿಗೆ ಕೂತೆ.

ಎರಡು ತಾಸು ಕಳೆದ ಮೇಲೆ ಮತ್ತೆ ಫೋನು. ಲಾರಿಗಳ ಸದ್ದು, ಗಾಳಿ. "ಸೇತುವಿ ದಾಟೇವ್ರಿ. ಈಗ ನಮ್ಮ ರಾಜ್ಯದಾಗ ಅದೀವಿ, ಹೇಳ್ರಿ," ಎಂದ ಹನುಮಪ್ಪ. ವಿಡಿಯೋದಲ್ಲಿ ಮೊದಲು ಆಕಾಶ ಕಂಡಿತು, ಆಮೇಲೆ ಅವನ ರುಮಾಲು, ಆಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದ ಬಸಮ್ಮ. ಕೊನೆಗೆ ಕಾಲು. ಪಾದ ಹಿಮ್ಮಡಿಯವರೆಗೂ ಬಾತು ಮಿರುಗುತ್ತಿತ್ತು. ಹೆಬ್ಬೆರಳಿನ ಅಂಚು ಕಪ್ಪಾಗಿತ್ತು. ಆ ಕಾಲಿನ ಮೇಲೆ ಅವಳು ನಡೆದು ಬಂದಿದ್ದಳು. ಮಧ್ಯಾಹ್ನದ ಬಿಸಿಲಿನಲ್ಲಿ, ಕೃಷ್ಣೆಯ ಸೇತುವೆಯ ಉದ್ದಕ್ಕೂ, ನನ್ನ ಲೈಸೆನ್ಸಿನ ಸಲುವಾಗಿ.

ಗುಳಿಗೆಯ ಮಾತೇ ಇರಲಿಲ್ಲ. ಸಿಕ್ಕ ಗಾಡಿ ಹತ್ತಿ ರಾಯಚೂರಿಗೆ ಬನ್ನಿ ಎಂದೆ. ಕುರಿ ನೋಡಿಕೊಳ್ಳಲು ಹನುಮಪ್ಪನ ತಮ್ಮ ಇದ್ದನಂತೆ, ಇಬ್ಬರೂ ಬಂದರು. ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ನಾನೇ ಕಾದು ನಿಂತಿದ್ದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಸರ್ಜನ್ ಕಾಲು ನೋಡಿ, "ಎಷ್ಟು ದೂರ ನಡದೀಯವ್ವಾ ಇದರ ಮ್ಯಾಲ?" ಎಂದು ಕೇಳಿದ.

"ಎರಡು ಮೈಲಿ ಆಗಬೌದ್ರಿ. ಡಾಕ್ಟ್ರವ್ವ ಈ ಕಡಿ ಬಾ ಅಂದ್ರು, ಬಂದೆ."

ಅವನು ನನ್ನ ಕಡೆ ನೋಡಿದ. ನಾನು ರೂಲ್ಸು ಹೇಳಿದೆ. ಅವನು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. "ಮೇಡಂ, ನಮ್ಮಲ್ಲಿ ರಿಜಿಸ್ಟರ್ ಆದ ಡಾಕ್ಟರು ಭಾರತದಾಗ ಪೇಷಂಟ್ ಎಲ್ಲಿದ್ರೂ ಫೋನಿನ್ಯಾಗ ನೋಡಬಹುದಲ್ರೀ. ದೇಶದ ಹೊರಗಿದ್ರ ಅಷ್ಟ ಬ್ಯಾರೆ ಮಾತು," ಎಂದು ಹೇಳಿ ಕೈಗವಸು ಹಾಕಿಕೊಂಡ.

ಮನೆಗೆ ಬಂದು ಹುಡುಕಿದೆ. ಅವನು ಹೇಳಿದ್ದೇ ಸರಿ. ಅಷ್ಟೇ ಅಲ್ಲ, ಅದೇ ನಿಯಮಗಳ ಮೇಲಿನ ಆನ್‌ಲೈನ್ ಪಾಠವನ್ನು ನಾನು ಮುಗಿಸಿ, ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟನ್ನೂ ಪಡೆದಿದ್ದೆ. ಒಂದು ಕೈಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ, ಇನ್ನೊಂದು ಕೈಯಲ್ಲಿ ಪುಟ ಮುಂದೊತ್ತುತ್ತ ಪಾಸಾಗಿದ್ದೆ ಎಂಬುದು ಆಗ ನೆನಪಾಯಿತು. ನಿಯಮಕ್ಕೆ ಹೆದರುವುದಕ್ಕೂ ನಿಯಮವನ್ನು ಓದುವುದಕ್ಕೂ ಸಂಬಂಧವಿಲ್ಲ.

ಬಸಮ್ಮನ ಬೆರಳು ಉಳಿಯಿತು. ಕೀವು ತೆಗೆದು ಹತ್ತು ದಿನ ಇಂಜೆಕ್ಷನ್ ಕೊಟ್ಟರು. ನಾಲ್ಕನೆಯ ದಿನ ಅವಳ ಮಂಚದ ಪಕ್ಕ ಕೂತು, "ತಪ್ಪು ನಂದು ಬಸಮ್ಮ. ನೀ ನಡಿಯಬೇಕಾಗಿದ್ದಿಲ್ಲ," ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕಾಲಿನ ಪಟ್ಟಿಯನ್ನೇ ನೋಡುತ್ತ ಕೂತಿದ್ದಳು.

"ನೀವು ಗುಳಗಿ ಹೇಳಿದ್ರ ನುಂಗಿ ಕುರಿ ಹಿಂದ ಹೋಗತಿದ್ದೆ. ಇಲ್ಲಿತನ ಬರ್ತಿದ್ದಿಲ್ಲ. ಕಾಲು ಹೋಗತಿತ್ತು ಯವ್ವಾ," ಎಂದಳು. ಆಮೇಲೆ ಮೆಲ್ಲಗೆ, "ಆದ್ರ ಆ ಸೇತುವಿ ಮ್ಯಾಲ ಬಾಳ ನೋವಾತು," ಎಂದಳು.

ಎರಡೂ ನಿಜ. ಮೊದಲನೆಯ ಮಾತನ್ನು ಹಿಡಿದು ಸಮಾಧಾನ ಮಾಡಿಕೊಳ್ಳಲು ಹೋದಾಗಲೆಲ್ಲ ಎರಡನೆಯದು ಕೇಳಿಸುತ್ತದೆ.

ಹನುಮಪ್ಪ ಮಾತ್ರ ಈ ಕಥೆಯನ್ನು ತನಗೆ ತಿಳಿದಂತೆ ಕುರಿಗಾರರಿಗೆಲ್ಲ ಹೇಳಿದ್ದಾನೆ. ಹೋದ ತಿಂಗಳು ಹೊಸಬನೊಬ್ಬ ಫೋನು ಮಾಡಿದ. ಮಲ್ಲಪ್ಪ ಅಂತೆ, ಎಂಟು ದಿನದ ಕೆಮ್ಮು. "ಹನುಮಪ್ಪ ಎಲ್ಲಾ ಹೇಳ್ಯಾನ್ರಿ ಯವ್ವಾ. ಹೊಳಿ ದಾಟೇ ಫೋನ್ ಹಚ್ಚೀನಿ," ಎಂದ ಹೆಮ್ಮೆಯಿಂದ, ಲಾರಿಗಳ ಸದ್ದಿನ ನಡುವೆ. ನನಗೆ ತಡೆಯಲಾಗಲಿಲ್ಲ. ದಾಟುವ ಅಗತ್ಯವೇ ಇರಲಿಲ್ಲವೆಂದು, ನಿಯಮ ಹೀಗಿದೆಯೆಂದು, ತಪ್ಪು ನನ್ನದೆಂದು ಐದು ನಿಮಿಷ ತಿಳಿಸಿ ಹೇಳಿದೆ. ಅವನು ಕೆಮ್ಮು ತಡೆದುಕೊಂಡು ಎಲ್ಲ ಕೇಳಿ, "ಹಂಗಂದ್ರ ಈಗ ವಾಪಸ್ ಆ ಕಡಿ ಹೋಗಿ ಹಚ್ಚಬೇಕೇನ್ರಿ?" ಎಂದ.

"ಬ್ಯಾಡ, ಬ್ಯಾಡ. ಅಲ್ಲೇ ಕೂತಿರ್ರಿ," ಎಂದೆ ಗಾಬರಿಯಿಂದ. ಕೆಮ್ಮು ವಿಚಾರಿಸಿದೆ, ಔಷಧ ಹೇಳಿದೆ, ಕಫದ ಪರೀಕ್ಷೆ ಮಾಡಿಸಿರಿ ಎಂದೆ, ಫೋನು ಇಟ್ಟೆ. ಅರ್ಧ ಗಂಟೆ ಕಳೆದಿರಬೇಕು, ಮತ್ತೆ ಅವನದೇ ಫೋನು. ಹಿಂದೆ ಲಾರಿಗಳ ಸದ್ದು ಹಾಗೇ ಇತ್ತು.

"ಯವ್ವಾ," ಎಂದ ಮಲ್ಲಪ್ಪ, ಬಹಳ ಮರ್ಯಾದೆಯಿಂದ, "ಇನ್ನ ಏಳಬೌದೇನ್ರಿ?"