ಭಾವಯ್ಯನ ಬೆನ್ನು

ತಮ್ಮ ಬೆನ್ನಿನ ಬಗ್ಗೆ ಅಷ್ಟೊಂದು ಜಂಬ ಪಟ್ಟವರನ್ನು ನಾನು ಬೇರೆ ಕಂಡಿಲ್ಲ. ಮೀಸೆ, ಮೈಬಣ್ಣ, ಮಗಳ ಜಡೆ, ಹೀಗೆ ಯಾವುದಾದರೊಂದರ ಮೇಲೆ ಎಲ್ಲರಿಗೂ ಹೆಮ್ಮೆ ಇರುತ್ತದಪ್ಪ. ನನ್ನ ಅಕ್ಕನ ಗಂಡನಿಗೆ, ಅಂದರೆ ನಮ್ಮ ಭಾವಯ್ಯನಿಗೆ, ತಮ್ಮ ಕಣ್ಣಿಗೇ ಬೀಳದ ಬೆನ್ನೇ ಬೇಕಿತ್ತೆ?

ಕಾರಣ ಇತ್ತು ಅನ್ನಿ. ಹೆಂಚು ತುಂಬಿಕೊಂಡು ಮುಂಬಯಿಗೆ ಹೋಗುವ ಮಂಜಿ, ಅಂದರೆ ಹಾಯಿಯ ಸರಕು ಹಡಗಿನಲ್ಲಿ ಅವರು ಕೆಲಸಕ್ಕಿದ್ದರು. ಎರಡನೇ ಮಹಾಯುದ್ಧದ ಕೊನೆಯ ವರ್ಷ ಹಾಯಿಕಂಬದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಚಿವುಟಿದರೂ ತಿಳಿಯದು. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ತಿಂಗಳು ಇಟ್ಟುಕೊಂಡು, ಕೈಬಲದಲ್ಲೇ ಏಳುವುದು ಕೂರುವುದು ಕಲಿಸಿ, ಕಡಲತಡಿಯ ನಮ್ಮೂರು ಕೋಡಿಯ ಮನೆಗೆ ಕಳಿಸಿಕೊಟ್ಟರು. ಕಳಿಸುವಾಗ ಡಾಕ್ಟರು ಒತ್ತಿ ಹೇಳಿದ್ದು ಒಂದೇ ಮಾತು. ಎರಡು ತಾಸಿಗೊಮ್ಮೆ ಯಾರಾದರೂ ಹಿಡಿದು ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ, ಹುಣ್ಣಾದರೆ ಜೀವದ ಆಸೆ ಬಿಡಬೇಕು.

ಭಾವಯ್ಯ ಒಂದು ಅಲಾರಂ ಗಡಿಯಾರದ ಜೊತೆಗೇ ಊರಿಗೆ ಬಂದಿಳಿದರು. ಅದು ಎರಡು ತಾಸಿಗೊಮ್ಮೆ ಕಿರುಚುತ್ತಿತ್ತು, ಇಡೀ ಕೇರಿ ಬೆಚ್ಚಿ ಬೀಳುತ್ತಿತ್ತು. ಪಕ್ಕದ ಮನೆಯ ಅಜ್ಜಿ ಒಂದು ದಿನ ದೂರು ತಂದರು.

"ಹ್ವಾಯ್, ನಿಮ್ ಗಂಟೆ ಕೇಂಡ್ ಕೇಂಡ್ ಮಧ್ಯಾಹ್ನ ಮನ್ಕಂಡಲ್ಲೇ ನಾನೂ ಮಗ್ಲ್ ಬದಲ್ಸ್ತೆ ಈಗ."

"ಒಳ್ಳೇದಾಯ್ತಲ್ದಾ ಅಜ್ಜಿ? ನಿಮ್ಗೂ ಹುಣ್ಣ್ ಆತಿಲ್ಲೆ," ಅಂದರು ಭಾವಯ್ಯ.

ಮನೆಯಲ್ಲಿದ್ದ ಒಂದೇ ಕನ್ನಡಿಯೂ ಬೆನ್ನಿನ ಸೇವೆಗೆ ಹೋಯಿತು. ಬೆಳಿಗ್ಗೆ ಅಕ್ಕ ಅದನ್ನು ಹಿಂದೆ ಹಿಡಿಯಬೇಕು, ಭಾವಯ್ಯ ಕತ್ತು ತಿರುಗಿಸಿ ಎಲ್ಲಾದರೂ ಕೆಂಪಾಗಿದೆಯೇ ಎಂದು ಹುಡುಕಬೇಕು. ಬೊಟ್ಟಿಟ್ಟುಕೊಳ್ಳಲು ಒಮ್ಮೆ ನಾನು ಕನ್ನಡಿ ಕೇಳಿದ್ದಕ್ಕೆ, "ನಿನ್ ಮುಖ ನಿನ್ನೆ ಹ್ಯಾಂಗಿತ್ತೋ ಇವತ್ತೂ ಹಾಂಗೇ ಇತ್ತ್ ಮಾರಾಯ್ತಿ. ಬೆನ್ನ್ ಹಾಂಗಲ್ಲ," ಅಂದರು. ನಾದಿನಿಯಾದ ನಾನು ಸುಮ್ಮನಿರುತ್ತೇನೆಯೇ? "ಹಾಂಗಾರೆ ಬೆನ್ನಿಗೇ ಬೊಟ್ಟಿಟ್ಕಣಿ ಭಾವಯ್ಯ," ಅಂದೆ.

ಗುರಿಕಾರರು ಬಂದ ದಿನವನ್ನಂತೂ ಮರೆಯುವ ಹಾಗಿಲ್ಲ. ಗುರಿಕಾರರೆಂದರೆ ನಮ್ಮ ಮೀನುಗಾರರ ಹಿರಿಯರು, ಅವರು ಬಂದರೆ ಕೂತವರು ಏಳಬೇಕು. ಭಾವಯ್ಯ ಕುರ್ಚಿಯಲ್ಲಿದ್ದರು. ಕೂತಾಗ ಹದಿನೈದು ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಮೈಯೆತ್ತಿ ಹಿಡಿಯಬೇಕೆಂದು ಆಸ್ಪತ್ರೆಯ ಕಟ್ಟಪ್ಪಣೆ. ಗುರಿಕಾರರು ಹೊಸ್ತಿಲು ದಾಟುವುದಕ್ಕೂ ಭಾವಯ್ಯ ಮೈಯೆತ್ತುವುದಕ್ಕೂ ಸರಿಹೋಯಿತು. ಕಾಲಿನಲ್ಲಿ ಶಕ್ತಿಯಿಲ್ಲದವನೂ ತನಗೆ ಎದ್ದು ಮರ್ಯಾದೆ ಕೊಟ್ಟನಲ್ಲ ಎಂದು ಗುರಿಕಾರರ ಕಣ್ಣು ಒದ್ದೆಯಾಯಿತು. ಅವರು ಕೂತು ಎಲೆಯಡಿಕೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಭಾವಯ್ಯ ಮತ್ತೆ ಎದ್ದರು. ಇವನೇ ಏಳುವಾಗ ತಾನು ಕೂತಿರುವುದು ಸರಿಯೇ ಎಂದು ಗುರಿಕಾರರೂ ಎದ್ದರು. ಇವರು ಕೂತಾಗ ಅವರೂ ಕೂತರು. ಮೂರನೆಯ ಸಲ ಎದ್ದಾಗ ಭಾವಯ್ಯನಿಗೇ ತಡೆಯಲಾಗಲಿಲ್ಲ.

"ಗುರ್ಕಾರ್ರೆ, ನೀವ್ ಕೂಕಣಿ. ಇದ್ ಮರ್ಯಾದಿ ಅಲ್ಲ. ಕುಂಡಿಗೆ ಗಾಳಿ ಕೊಡುದ್."

ಬೆನ್ನಿನ ಹುಚ್ಚು ಇಲ್ಲಿಗೇ ನಿಲ್ಲಲಿಲ್ಲ. ಮುಂಬಯಿಯ ಆಸ್ಪತ್ರೆಯಲ್ಲಿ ಅವರದೇ ವಾರ್ಡಿನಲ್ಲಿದ್ದ ಇಬ್ಬರು ಊರ ಕಡೆಗೇ ಮರಳಿದ್ದರು, ಒಬ್ಬರು ಕೊಕ್ಕರ್ಣೆಗೆ, ಇನ್ನೊಬ್ಬರು ಬೈಂದೂರಿಗೆ. ಭಾವಯ್ಯ ತಿಂಗಳು ತಿಂಗಳು ಅವರಿಗೆ ಕಾರ್ಡು ಹಾಕುತ್ತಿದ್ದರು. ಕ್ಷೇಮಸಮಾಚಾರ, ಮಳೆಬೆಳೆ ಒಂದೂ ಇಲ್ಲ. "ಬೆನ್ನು ಹೇಗಿದೆ?" ಅಷ್ಟೇ. ಕಾರ್ಡೆಂದರೆ ಟಪಾಲಿನವನು ಓದದೇ ಇರುತ್ತಾನೆಯೇ? ದಾರಿಯಿಂದಲೇ ಕೂಗುತ್ತಿದ್ದ. "ಕೊಕ್ಕರ್ಣೆಯವ್ರದ್ದ್ ಸ್ವಲ್ಪ ಕೆಂಪಾಯ್ತಂಬ್ರ್. ಬೈಂದೂರಿನವ್ರದ್ದ್ ಅಡ್ಡಿಲ್ಲೆ."

ಇಷ್ಟೆಲ್ಲ ಗಲಾಟೆಯ ನಡುವೆ ಅಕ್ಕ ಮೀನು ಮಾರುತ್ತಿದ್ದಳು. ಮೊದಲೆಲ್ಲ ಬುಟ್ಟಿ ಹೊತ್ತು ಬಸ್ರೂರಿನವರೆಗೂ ಹೋಗುತ್ತಿದ್ದವಳು ಈಗ ಎರಡು ತಾಸಿನೊಳಗೆ ಹೋಗಿ ಬರುವಷ್ಟೇ ದೂರ ಹೋಗುತ್ತಿದ್ದಳು. ಚೌಕಾಸಿಗೆ ನಿಲ್ಲಲು ಪುರುಸೊತ್ತಿಲ್ಲ, ಕೇಳಿದಷ್ಟಕ್ಕೇ ಕೊಟ್ಟು ಓಡುತ್ತಿದ್ದಳು. ಚೌಕಾಸಿ ಮಾಡದ ಮೀನಿನವಳೇ! ಗಿರಾಕಿಗಳಿಗೆ ಮೀನು ಹಳತೆಂದೇ ಅನುಮಾನ. ನಾವೂ ಅವಳ ಓಟ ನೋಡಿ ನಗುತ್ತಿದ್ದೆವು.

ಮೂರನೆಯ ವರ್ಷ ಕೊಕ್ಕರ್ಣೆಯ ಕಾರ್ಡು ನಿಂತಿತು. ಅವರು ಹೋಗಿಬಿಟ್ಟರೆಂದು ಆಮೇಲೆ ತಿಳಿಯಿತು. ಮರುವರ್ಷ ಬೈಂದೂರಿನಿಂದ ಬಂದ ಕಾರ್ಡನ್ನು ಟಪಾಲಿನವನು ದಾರಿಯಿಂದ ಕೂಗಲಿಲ್ಲ. ಒಳಗೆ ಬಂದು ಸುಮ್ಮನೆ ಕೈಗೆ ಕೊಟ್ಟು ಹೋದ. ಅದು ಬೈಂದೂರಿನವರ ಹೆಂಡತಿ ಬರೆಸಿದ್ದು. "ಇವರು ಹೋದ ವಾರ ತೀರಿಕೊಂಡರು. ಬೆನ್ನಿನ ಹುಣ್ಣು ವಾಸಿಯಾಗಲೇ ಇಲ್ಲ. ಬೆಳಿಗ್ಗೆ ಮೀನು ಹೊತ್ತು ಹೋದರೆ ನಾನು ಬರುವುದು ಸಂಜೆಗೆ. ನಿಮ್ಮನ್ನು ಹಗಲು ಹೊತ್ತು ಮಗ್ಗುಲಿಗೆ ತಿರುಗಿಸುವವರು ಯಾರು?"

ಭಾವಯ್ಯ ಕಾರ್ಡನ್ನು ಎರಡು ಸಲ ಓದಿದರು. ಉತ್ತರಕ್ಕೆಂದು ಹೊಸ ಕಾರ್ಡೊಂದನ್ನು ತೆಗೆದರು. ಲೇಖನಿ ನನ್ನ ಕೈಗೆ ಕೊಟ್ಟರು.

"ಎಂತ ಬರೀಲಿ ಭಾವಯ್ಯ?"

"ನಿನ್ ಅಕ್ಕನ ಹೆಸ್ರ್ ಬರಿ."

"ಮತ್ತೆಂತ?"

"ಮತ್ತೆಂತ ಇಲ್ಲೆ. ಅಷ್ಟೇ."

ಬರೆದು ಓದಿದೆ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ಆಗ ನಮ್ಮಲ್ಲಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ ಅಕ್ಕ ಅವರ ಬಾಯಲ್ಲಿ ಬರೀ "ಇವ್ಳೆ". ಭಾವಯ್ಯ ಅಂದು ಆ ಹೆಸರನ್ನು ತಾವೂ ಒಮ್ಮೆ ಹೇಳಿದರು. ನನಗೆ ಅಳು ತಡೆಯಲಾಗಲಿಲ್ಲ.

ಹಿತ್ತಲಲ್ಲಿ ಬುಟ್ಟಿ ತೊಳೆಯುತ್ತಿದ್ದ ಅಕ್ಕ ಗಾಬರಿಯಿಂದ ಓಡಿ ಬಂದು ಬಾಗಿಲಲ್ಲಿ ನಿಂತಳು.

"ಕರ್ದ್ರಿಯಾ?"

"ಹೌದ್," ಅಂದರು ಭಾವಯ್ಯ. "ಸ್ವಲ್ಪ ಹೊತ್ತ್ ಕೂಕೋ."