ಕೊಂಡಪ್ಪ ಕಾಣೆಯಾಗಬೇಕಾಗಿ ಬಂದದ್ದು

ಕೊಂಡಪ್ಪ ಮೊದಲ ಸಲ ಮನೆ ಬಿಟ್ಟು ನಡೆದದ್ದು ಏಳನೇ ಕ್ಲಾಸಿನ ಕ್ವಾರ್ಟರ್ಲಿ ಪರೀಕ್ಷೆಯ ಸೋಮವಾರ, ಲೆಕ್ಕದ ಪೇಪರಿನ ದಿನ. ಇದು ಶಾಲೆಯ ಹಾಜರಿ ಪುಸ್ತಕದಲ್ಲಿ ದಾಖಲಾಗಿರುವ ಸತ್ಯ. ಆಮೇಲೆ ಮೂವತ್ತೊಂದು ವರ್ಷ ಅವನು ಜೂಜುವಾಡಿಯಲ್ಲಿ ಲಾರಿಗಳಿಗೆ ಟಾರ್ಪಾಲು ಕಟ್ಟಿದ. ಜವಳಗಿರಿಯಲ್ಲಿ ರಾಗಿ ಹೊಲಕ್ಕೆ ಬಂದ ಆನೆಗಳನ್ನು ಓಡಿಸಿದ, ಅವು ತಿರುಗಿ ನಿಂತಾಗ ತಾನೂ ಓಡಿದ. ಕೊನೆಗೆ ಕಳೆದ ಯುಗಾದಿಗೆ ಸೂಳಗಿರಿ ಪಕ್ಕದ ತನ್ನೂರಿಗೆ ಬಂದು, ಹಿತ್ತಲ ಕೋಣೆಗೆ ಶೀಟು ಹಾಕಿಸಿ, ಚೆಂಡುಹೂವಿನ ಸಸಿ ನೆಟ್ಟ. "ಇನ್ಮೇಲೆ ಇಲ್ಲಿಂದ ಹೋದ್ರೆ ನನ್ ಹೆಣಾನೇ ಹೋಗ್ಬೇಕು ಅತ್ಗೆ" ಎಂದು ಮುನಿಗಂಗಮ್ಮನಿಗೆ ಮಾತೂ ಕೊಟ್ಟ.

ಅಷ್ಟರಲ್ಲಿ ಅಣ್ಣ ಅಂಜನಪ್ಪನ ಮಗಳು ಭಾನು ಪ್ಲಸ್ ಟೂನಲ್ಲಿ ಆರುನೂರಕ್ಕೆ ಐನೂರ ತೊಂಬತ್ತೆಂಟು ತೆಗೆದಳು. ಉಳಿದೆರಡು ಎಲ್ಲಿ ಹೋಯ್ತು ಎಂದು ಊರು ಒಂದು ವಾರ ವಿಚಾರಿಸಿತು. ಹೈವೇ ಪಕ್ಕದ ವಿಶ್ವೋತ್ತಮ ವಿಶ್ವವಿದ್ಯಾಲಯಕ್ಕೆ ಅರ್ಜಿ ಹೋಯಿತು. ಉತ್ತರ ಬಂತು:

"ಅರ್ಜಿದಾರರ ಅಂಕ ತೃಪ್ತಿಕರ. ಆದರೆ ನಮ್ಮಲ್ಲಿಗೆ ಬರುವ ಎಲ್ಲರ ಅಂಕವೂ ತೃಪ್ತಿಕರವಾಗಿರುವುದರಿಂದ, ಈ ಸಾಲಿನಿಂದ ರೇಷನ್ ಕಾರ್ಡಿನಲ್ಲಿರುವ ಸಮಸ್ತರ ಸರಾಸರಿಯನ್ನು ಪರಿಗಣಿಸಲಾಗುವುದು. ಕನಿಷ್ಠ ಐನೂರ ತೊಂಬತ್ತೇಳು. ಶಾಲೆಯ ಮೆಟ್ಟಿಲನ್ನೇ ಹತ್ತದವರು ಅಂಕಾತೀತರು. ಅವರನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ."

ತಾವು ಅಂಕಾತೀತರೆಂದು ತಿಳಿದು ಅಂಜನಪ್ಪ ದಂಪತಿ ಎದೆ ಉಬ್ಬಿಸಿದರು. ಮೆಟ್ಟಿಲು ಹತ್ತಿ ಇಳಿದವನು ಕೊಂಡಪ್ಪ ಒಬ್ಬನೇ.

ಪ್ರವೇಶಾಧಿಕಾರಿ ಯತಿರಾಜ್ ಅಂಜನಪ್ಪ, ಕೊಂಡಪ್ಪ, ಭಾನು ಮೂವರನ್ನೂ ಕೂರಿಸಿ ಲೆಕ್ಕ ತೋರಿಸಿದರು. "ಮಗುವಿನದು ಐನೂರ ತೊಂಬತ್ತೆಂಟು, ಚಿಕ್ಕಪ್ಪನವರು ಕೊನೆಯ ಪರೀಕ್ಷೆಗೆ ಗೈರು, ಅಂದರೆ ಸೊನ್ನೆ. ಸರಾಸರಿ ಇನ್ನೂರ ತೊಂಬತ್ತೊಂಬತ್ತು."

"ಕಾರ್ಡ್ನಾಗೆ ಇವ್ನ್ ಹೆಸ್ರು ಹೊಡ್ದಾಕ್ಸಿದ್ರೆ?" ಎಂದ ಅಂಜನಪ್ಪ.

"ಹೆಸರು ತೆಗೆದ ಮನೆಗೆ ಮೂರು ವರ್ಷ ಪ್ರವೇಶವಿಲ್ಲ."

"ಸತ್ರೆ?" ಎಂದ ಕೊಂಡಪ್ಪ.

"ಸತ್ತವರ ಅಂಕ ಕಾಯಂ. ಕಾಣೆಯಾದರೆ ಮಾತ್ರ ಅನುಕೂಲವಿದೆ. ನಿಯಮ ಹದಿನಾಲ್ಕು: ಪತ್ತೆಯಿಲ್ಲದ ಸದಸ್ಯರಿಗೆ ಮನೆಯ ಉಳಿದವರ ಸರಾಸರಿಯನ್ನೇ ಕೊಡತಕ್ಕದ್ದು."

ಅಂದರೆ ಕೊಂಡಪ್ಪ ನಾಪತ್ತೆಯಾದ ಕ್ಷಣ ಅವನಿಗೂ ಐನೂರ ತೊಂಬತ್ತೆಂಟು.

"ನಂಗೆ ಆ ಸೀಟು ಬ್ಯಾಡ ಚಿಕ್ಕಪ್ಪ," ಎಂದಳು ಭಾನು. "ನಿನ್ ಹೂವು ಯಾರು ಬಿಡಿಸ್ತಾರೆ?"

"ಸುಮ್ಕಿರವ್ವ. ನಂಗೇನ್ ಹೊಸ್ದಾ?" ಎಂದ. ಆದರೆ ಕಣ್ಣು ಅವಳ ಕಡೆ ತಿರುಗಲಿಲ್ಲ.

ಕಾಣೆಯಾಗುವುದಕ್ಕೆ ಫಾರಂ ಇತ್ತು. ಕಾಣೆಯಾದ ವ್ಯಕ್ತಿಯೇ ಖುದ್ದು ಹಾಜರಾಗಿ, ಎರಡು ಫೋಟೋ ಸಮೇತ, ತಾನು ಎಲ್ಲಿದ್ದೇನೆಂದು ತನಗೆ ತಿಳಿಯದು ಎಂದು ಸಹಿ ಹಾಕಬೇಕಿತ್ತು. ಕೊಂಡಪ್ಪ ಹಾಕಿದ. ಅವಧಿ ನಾಲ್ಕು ವರ್ಷ. ಹುಡುಗಿ ಒಂದು ಪೇಪರ್ ಬಿಟ್ಟರೆ ಐದು. ಸೆಮಿಸ್ಟರಿಗೊಮ್ಮೆ ಅಧಿಕಾರಿಗಳು ಮನೆಗೆ ಬಂದು ಅವನಿಲ್ಲದಿರುವುದನ್ನು ಕಣ್ಣಾರೆ ಕಾಣುವರು.

ಊರಿನಲ್ಲಿ ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ಎದುರುಮನೆ ಮುತ್ತರಾಯಪ್ಪನ ಮೊಮ್ಮಗನಿಗೂ ಸೀಟು ಬೇಕಿತ್ತು. ಮುತ್ತರಾಯಪ್ಪ ಎಂಟನೇ ಕ್ಲಾಸು ಫೇಲಾದ ತನ್ನ ಅಳಿಯನನ್ನು ಮೇಲಿಂದ ಕೆಳಗೆ ನೋಡಿ, "ಸ್ವಲ್ಪ ನಡ್ಯೋದು ಅಭ್ಯಾಸ ಮಾಡ್ಕೊಳ್ಳಪ್ಪ" ಎಂದ. ವಿಶ್ವವಿದ್ಯಾಲಯವು ಕಾಣೆಯಾಗುವವರಿಗಾಗಿ ಬೆಳಿಗ್ಗೆ ಎಂಟಕ್ಕೆ ಉಚಿತ ಬಸ್ಸು ಬಿಟ್ಟಿತು. ಹತ್ತುವಾಗ ಹಾಜರಿ ಕಡ್ಡಾಯ.

ಹೊರಡುವ ದಿನ ಕೊಂಡಪ್ಪ ಎರಡು ಅಂಗಿ, ಕಂಬಳಿ, ಆನೆ ಓಡಿಸುವ ಟಾರ್ಚು ಚೀಲಕ್ಕೆ ತುರುಕಿದ. ಅತ್ತಿಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಳು. ಭಾನು ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೋಯ್ತೀಯ ಅಂತಾನಾದ್ರೂ ಹೇಳು."

"ಹೇಳಂಗಿಲ್ಲ ಮಗಾ. ಹೇಳುದ್ರೆ ಪತ್ತೆ ಆಗ್ಬುಡ್ತೀನಿ. ಚೆಂಡು ಗಿಡಕ್ಕೆ ದಿನ ಬಿಟ್ಟು ದಿನ ನೀರ್ ಬಿಡು."

ಅವನು ಚೀಲದ ಬಾಯಿ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಹೊರಗಿನಿಂದ ಅಂಜನಪ್ಪ ಕೂಗಿದ:

"ಬಸ್ಸು ಬಂತು, ಬಿರ್ರನೆ ಬಾರ್ಲಾ ಕೊಂಡ! ಹೋದ್ಸಲದಂಗೆ ಇದ್ಕೂ ಗೈರಾಗ್ಬುಟ್ಟೀಯಾ!"