ಸದ್ದಿಲ್ಲದ ಪೆಟ್ಟಿಗೆ

ಯಂತ್ರ ಕೆಟ್ಟು ನಿಂತಾಗ ಮನುಷ್ಯನಿಗೆ ಬರುವ ಸಿಟ್ಟು ಅಂಥ ದೊಡ್ಡದಲ್ಲ. ಅದು ಮೊದಲ ಸಲಕ್ಕೇ ಓಡಿಬಿಟ್ಟಾಗ ಬರುವ ಜಂಬ ಇದೆಯಲ್ಲ, ಅಪಾಯ ಇರುವುದು ಅದರಲ್ಲಿ. ಸಿಟ್ಟು ಬಂದವನು ಇನ್ನೊಬ್ಬರನ್ನು ಕೇಳುತ್ತಾನೆ, ಜಂಬ ಬಂದವನು ಯಾರನ್ನೂ ಕೇಳುವುದಿಲ್ಲ. ನಾನು ಎರಡನೆಯ ಜಾತಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಹಿಂದೂಪುರದ ಪವರ್‌ಲೂಮ್ ಮಗ್ಗಗಳ ನಡುವೆ ಬೆಳೆದವನು. ಮಗ್ಗ ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಪರಿಗಿ ಕಡೆಯಿಂದಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಇದನ್ನು ನಾನೇ ಹೇಳಿಕೊಳ್ಳಬಾರದು ನಿಜ, ಆದರೆ ಬೇರೆಯವರು ಹೇಳಲಿ ಎಂದು ಕಾಯುವಷ್ಟು ತಾಳ್ಮೆ ನನಗಿಲ್ಲ.

ನನ್ನ ಅಕ್ಕನನ್ನು ಕೊಟ್ಟಿರುವುದು ಕಲ್ಯಾಣದುರ್ಗಕ್ಕೆ. ಭಾವ ಅಲ್ಲಿನ ಶೇಂಗಾ ಮಂಡಿಯಲ್ಲಿ ದಲ್ಲಾಳಿಯಾಗಿದ್ದವರು. ಅವರು ಹರಾಜು ಕೂಗಿದರೆ ಬೆಳುಗುಪ್ಪದಿಂದ ಇನ್ನೂ ಹೊರಡದ ಗಾಡಿಗೂ ಬೆಲೆ ತಿಳಿಯುತ್ತದೆ ಎಂದು ಮಂಡಿಯವರು ನಗುತ್ತಿದ್ದರು. ನನ್ನನ್ನು ಕಂಡರೆ ಸಾಕು, "ಏನ್ಲಾ, ಮಗ್ಗ ನಿನ್ನ ಓಡಿಸ್ತೈತೋ, ನೀನು ಮಗ್ಗ ಓಡಿಸ್ತೀಯೋ?" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದರು. ಆ ಬಾಯಿಂದ ಒಂದು ಸಲ "ಪರವಾಗಿಲ್ಲ ಕಣ್ಲಾ" ಅನ್ನಿಸಿಕೊಳ್ಳಬೇಕೆಂದು ನನಗೆ ಬಹಳ ಕಾಲದ ಆಸೆ. ನಾನು ಆಸೆಪಡುತ್ತಿದ್ದ ಹಾಗೆಯೇ ಅವರಿಗೆ ಲಕ್ವಾ ಹೊಡೆಯಿತು. ಕೈಕಾಲು ಬಿದ್ದುಹೋದವು, ಮಾತು ನಿಂತಿತು. ಗಂಟಲಿನಲ್ಲಿ ಒಂದು ಸಣ್ಣ ಸದ್ದು ಉಳಿಯಿತು, ಅಷ್ಟೆ. ನೀರು ಬೇಕಾದರೂ, ಮಗ್ಗುಲು ಬದಲಿಸಬೇಕಾದರೂ, ಒಂದಕ್ಕೆ ಬಂದರೂ ಅದೇ ಸದ್ದು. ಅಕ್ಕ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದರೂ ಅವಳ ಕಿವಿ ಮಾತ್ರ ನಡುಮನೆಯ ಮಂಚದ ಪಕ್ಕದಲ್ಲೇ ಕೂತಿರುತ್ತಿತ್ತು.

ಭಾವನಿಗೆ ಪೌರಾಣಿಕ ನಾಟಕವೆಂದರೆ ಪ್ರಾಣ. ತೆಲುಗೋ ಕನ್ನಡವೋ, ಪದ್ಯ ಹೇಳುವವನಿಗೆ ಉಸಿರಿದ್ದರೆ ಸರಿ. ಟ್ರಂಕಿನ ತುಂಬ ಹಳೆಯ ಡಿಸ್ಕುಗಳಿದ್ದವು, ಹಾಕುವ ಪ್ಲೇಯರ್ ಕೆಟ್ಟಿತ್ತು. ಎಲ್ಲ ನಾಟಕ, ಮದುವೆ ವಿಡಿಯೋಗಳನ್ನೂ ಒಂದೇ ಕಡೆ ತುಂಬಿ, ಒಂದೇ ರಿಮೋಟಿನಲ್ಲಿ ನಡೆಯುವ ಕಂಪ್ಯೂಟರನ್ನು ನಾನೇ ಜೋಡಿಸಿಕೊಡುತ್ತೇನೆ ಎಂದೆ. ಅಕ್ಕ ಹಾಕಿದ್ದು ಒಂದೇ ಷರತ್ತು: "ಎತ್ತರದ ಡಬ್ಬ ತಂದು ನಿಲ್ಲಿಸ್ಬೇಡ ಕಣಪ್ಪ, ಮಂಚದ ಪಕ್ಕ ನಾನು ಓಡಾಡಕ್ಕೆ ಜಾಗ ಇಲ್ಲ." ಟೀವಿಯ ಕೆಳಗೆ ಹಳೆ ಪ್ಲೇಯರ್ ಇದ್ದ ಗೂಡಿನಲ್ಲಿ ಕೂರುವಂತೆ, ಅಡ್ಡಕ್ಕೆ ಮಲಗುವ ಚಪ್ಪಟೆ ಕೇಸನ್ನೇ ತರಿಸಿದೆ.

ಚಪ್ಪಟೆ ಕೇಸಿನಲ್ಲಿ ಕಂಪ್ಯೂಟರ್ ಜೋಡಿಸುವುದೆಂದರೆ ಬಚ್ಚಲಿನಲ್ಲಿ ಮದುವೆ ಊಟ ಬಡಿಸಿದ ಹಾಗೆ. ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಕೂರಿಸಿದರೆ ಮುಚ್ಚಳ ಮುಚ್ಚದು, ಮುಚ್ಚಳ ಮುಚ್ಚಿದರೆ ಕೂಲರ್ ಕೂರದು. ಒಳಗೆ ವೈರುಗಳು ಸೆಟ್ಟೂರಿನ ಕೊನೆಯ ಬಸ್ಸಿನಲ್ಲಿ ಜನ ಕೂತ ಹಾಗೆ ಒಂದರ ತೊಡೆಯ ಮೇಲೊಂದು ಕೂತಿದ್ದವು. ಅಂಗಡಿಯವನು ಅರ್ಧ ತೆಲುಗಿನಲ್ಲಿ, "ಅನ್ನಾ, ಇದು ಚಿನ್ನ ಕೇಸು, ಸಣ್ಣದು, ಪೆದ್ದ ಕೂಲರ್ ಪಟ್ಟದು, ಹಿಡಿಯಲ್ಲ. ರೆಡಿಮೇಡ್ ತಗೊಂಡ್ಬಿಡು, ಸದ್ದೇ ಇರಲ್ಲ" ಎಂದ. "ರೆಡಿಮೇಡ್ ತಗೊಳ್ಳೋದಾದ್ರೆ ನಾನ್ಯಾಕಪ್ಪ ಹುಟ್ಟಿದ್ದು?" ಎಂದೆ. ಕೊನೆಗೆ ಗಿಡ್ಡ ಕೂಲರ್ ಹಾಕಿದೆ. ಬಿಸಿ ಇಳಿಯಲಿಲ್ಲ. ಪಕ್ಕದಲ್ಲಿ ತಗಡು ಕೊಯ್ದು ಇನ್ನೆರಡು ಪುಟ್ಟ ಫ್ಯಾನು ಕೂರಿಸಿದೆ. ಪುಟ್ಟವು ಗಾಳಿ ಎಳೆಯಬೇಕಾದರೆ ಜೋರಾಗಿ ತಿರುಗಬೇಕು, ತಿರುಗಿದವು. ಪೆಟ್ಟಿಗೆ ತಣ್ಣಗಾಯಿತು, ನನ್ನ ತಲೆ ಬಿಸಿಯೇರಿತು.

ಪರೀಕ್ಷೆಯನ್ನು ಮನೆಯಲ್ಲೇ ಮಾಡಿದೆ. ನಮ್ಮ ಗೋಡೆಯ ಆಚೆ ಬೆಳಗಿನಿಂದ ಸಂಜೆಯವರೆಗೆ ಮಗ್ಗಗಳು ಓಡುತ್ತವೆ. ನಮ್ಮ ಮನೆಯಲ್ಲಿ ಪ್ರೀತಿಯಿಂದ ಮಾತಾಡಿದರೂ ಹೊಸಬರು ಜಗಳವೆಂದು ಎದ್ದು ಹೋಗುತ್ತಾರೆ. ಪೆಟ್ಟಿಗೆ ಹಚ್ಚಿ ಹೆಂಡತಿಯನ್ನು ಕರೆದೆ. "ಸದ್ದು ಬತ್ತೈತಾ?" ಎಂದೆ. ಅವಳು ಬಾಗಿ ಕಿವಿಯಿಟ್ಟು, "ಎಲ್ಲಿ ಸದ್ದು? ಓಡ್ತೈತೇನ್ರೀ ಅದು?" ಎಂದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಯಂತ್ರಕ್ಕೂ ಸಿಕ್ಕಿರಲಾರದು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಲ್ಯಾಣದುರ್ಗಕ್ಕೆ ಒಯ್ದೆ. ಗೂಡಿನಲ್ಲಿ ಅಳೆದು ಮಾಡಿಸಿದಂತೆ ಕೂತಿತು. ಅಕ್ಕ, "ಚೆನ್ನಾಗೈತೆ ಕಣಪ್ಪ" ಎಂದಳು. ಭಾವ ನನ್ನನ್ನು ನೋಡಿದರು. ಮಾತು ಹೋಗಿದೆ, ಇಲ್ಲದಿದ್ದರೆ ಈಗ ಆ "ಪರವಾಗಿಲ್ಲ" ಅಂದೇ ಅನ್ನುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ಸಲ ಹೋದಾಗ ಅಕ್ಕ ನನ್ನನ್ನು ಕಂಡೊಡನೆ ಪೆಟ್ಟಿಗೆ ಹಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ, "ನೀನಿದ್ದೀಯಲ್ಲ, ಮಾತ್ರೆ ತಂದ್ಬುಡ್ತೀನಿ, ಅವರ ಕಡೆ ನಿಗಾ ಇರ್ಲಿ" ಎಂದು ಹೊರಟಳು. ನಾನು ಒಂದು ನಾಟಕ ಹಾಕಿ ಮಂಚದ ಪಕ್ಕ ಕೂತೆ. ರಾಜ ಪದ್ಯ ಎತ್ತಿಕೊಂಡ. ಭಾವನ ತುಟಿ ಅಲುಗಿತು, ಕುತ್ತಿಗೆಯ ನರ ಉಬ್ಬಿತು. ಜೊತೆಗೆ ಪದ್ಯ ಹೇಳುತ್ತಿದ್ದಾರೆ ಎಂದು ನಾನು ವಾಲ್ಯೂಮ್ ಏರಿಸಿದೆ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಯಂತ್ರವೊಂದು ಮನುಷ್ಯನನ್ನು ಹೀಗೆ ಮುಟ್ಟಬಲ್ಲದೇ ಎಂದು ನನ್ನ ಕೈಗಳನ್ನೇ ನೋಡಿಕೊಂಡೆ.

ಅಕ್ಕ ಬಾಗಿಲಲ್ಲೇ ನಿಂತಳು. ವಾಸನೆ ಅವಳಿಗೆ ಅಲ್ಲಿಗೇ ತಿಳಿಯಿತು. ಬಂದು ದುಪ್ಪಟಿ ಎತ್ತಿ ನೋಡಿದಳು. ಹಾಸಿಗೆಯೆಲ್ಲ ನೆನೆದಿತ್ತು.

"ಕರೆದಿದ್ದು ಕೇಳಿಸ್ಲಿಲ್ವೇನೋ ನಿಂಗೆ?"

"ಇಲ್ಲಕ್ಕ. ಪೆಟ್ಟಿಗೆ ಸದ್ದೇ ಮಾಡಲ್ಲ, ಕೂಗಿದ್ರೆ ಕೇಳಿಸ್ತಿತ್ತು."

"ಸದ್ದೇ ಮಾಡಲ್ವಾ? ಹಿಟ್ಟಿನ ಗಿರಣಿ ಓಡಿದಂಗೆ ಓಡ್ತೈತೆ. ನೀನು ಬಸ್ ಹತ್ತೋದೇ ತಡ, ಆರಿಸ್ಬುಡ್ತೀನಿ. ಅವರ ಗಂಟ್ಲು ನಂಗೆ ಕೇಳ್ಬೇಕಲ್ಲಪ್ಪ."

"ಮೊದ್ಲೇ ಹೇಳ್ಬಾರ್ದಾಗಿತ್ತಾ?"

"ಹೆಂಗ್ ಹೇಳ್ಲಿ? ಕೂಸು ಎತ್ಕಂಡ್ ಬಂದಂಗೆ ಬಂದಿದ್ದೆ."

ಪ್ಲಗ್ ಕಿತ್ತೆ. ಪದ್ಯ ನಿಂತದ್ದು ಕೇಳಿಸಿತು, ಫ್ಯಾನುಗಳ ಸದ್ದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಅಕ್ಕನ ಹೆಗಲು ಇಳಿಯಿತು, ಭಾವನ ಹುಬ್ಬು ಸಡಿಲವಾಯಿತು, ಅದರಿಂದ ಗೊತ್ತಾಯಿತು. ಮಗ್ಗಗಳು ನನ್ನ ಕಿವಿಯಿಂದ ಏನನ್ನು ತೆಗೆದುಕೊಂಡಿವೆ ಎಂದು ಆವತ್ತೇ ಮೊದಲು ನನಗೆ ಲೆಕ್ಕ ಸಿಕ್ಕಿದ್ದು. ಇಬ್ಬರೂ ಸೇರಿ ಭಾವನನ್ನು ಹೊರಳಿಸಿ ಬಟ್ಟೆ ಬದಲಿಸಿದೆವು. ಅಷ್ಟು ಹೊತ್ತೂ ಅವರು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. ಊರಿಗೆಲ್ಲ ಕೇಳುವಂತೆ ಕೂಗಿ ಬದುಕಿದ ಮನುಷ್ಯ, ಎರಡು ಮೊಳ ದೂರದಲ್ಲಿ ಕೂತ ಬಾಮೈದನಿಗೆ ಕೇಳಿಸಲಾಗದೆ ಸೋತಿದ್ದರು. ದುಪ್ಪಟಿಯನ್ನು ನಾನೇ ಒಗೆದೆ.

ಈಗಲೂ ಹೋಗುತ್ತೇನೆ. ಪೆಟ್ಟಿಗೆ ಇಲ್ಲ, ನಾಟಕ ಇಲ್ಲ. ಅಕ್ಕ ಹೊರಗೆ ಹೋದರೆ ನಾನು ಭಾವನ ಮುಖವನ್ನೇ ನೋಡುತ್ತ ಕೂರುತ್ತೇನೆ. ಕಿವಿಯನ್ನು ನಂಬುವ ಹಾಗಿಲ್ಲವಲ್ಲ, ತುಟಿ ಅಲುಗಿದರೆ ಎದ್ದೆ. ಅವರೂ ನನ್ನ ಮುಖವನ್ನೇ ನೋಡುತ್ತಾರೆ, ಬೇರೆ ಕಾರ್ಯಕ್ರಮವಿಲ್ಲ. ನೋಡಿ ನೋಡಿ ಬೇಜಾರಾದರೆ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ನನಗೆ ಆ ಸೌಕರ್ಯವೂ ಇಲ್ಲ.